ಪೋಸ್ಟರಿನ ಸಮೋಸಾ, ಪೆಟ್ಟಿಗೆಯ ಸಮೋಸಾ

(ನಮ್ಮ ಸದಸ್ಯರ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹರೂಪ)





ಲೆಕ್ಕ ಬರೆಯುವವರನ್ನು ಕರೆದು ಚಿತ್ರದ ಬಗ್ಗೆ ಮಾತಾಡಿ ಅಂದಿದ್ದಾರೆ. ನಾವು ಓದಿದ್ದು ಬಿ.ಕಾಂ., ಹೊಟ್ಟೆಪಾಡು ಡೆಬಿಟ್, ಕ್ರೆಡಿಟ್. ಕುಂಚ ಹಿಡಿದವರಲ್ಲ. ಆದರೆ ಕಳೆದ ಎರಡು ಮೂರು ರಮಝಾನಿನಿಂದ ನಮ್ಮ ಸದಸ್ಯರು ರಾತ್ರಿ ತರಾವೀಹ್ ಮುಗಿದ ಮೇಲೆ ಮೊಬೈಲ್ ಹಿಡಿದುಕೊಂಡು ಬರುವುದು ನಮ್ಮ ರೂಮಿಗೇ. "ಒಂದು ಪೋಸ್ಟರ್ ಮಾಡಿಕೊಡಿ ಮಾರಾಯ್ರೇ" ಅಂತ. ಒಬ್ಬರಿಗೆ ಕೆಫೆಟೇರಿಯಾದ ಇಫ್ತಾರ್ ಕಿಟ್, ಇನ್ನೊಬ್ಬರಿಗೆ ಟೈಲರಿಂಗ್ ಅಂಗಡಿಯ ಈದ್ ಆಫರ್, ಮತ್ತೊಬ್ಬರ ಮನೆಯವರು ಊರಿನಲ್ಲಿ ಪತ್ತಿರ್, ಸಮೋಸಾ ಮಾಡಿ ಮಾರುತ್ತಾರೆ. ಹೀಗೆ ನಾವು ಮೂರು ನಾಲ್ಕು ಜನ ಸೇರಿ ಎಐ ಚಿತ್ರದ ಕೆಲಸ ಕಲಿತೆವು. ಕಲಿಯುವಾಗ ತಪ್ಪೂ ಮಾಡಿದೆವು. ಆ ತಪ್ಪುಗಳ ಲೆಕ್ಕವನ್ನು ಇವತ್ತು ನಿಮ್ಮ ಮುಂದೆ ಇಡಬೇಕು.

ಮೊದಲು ಈ ಯಂತ್ರ ಎಂತದ್ದು ಅಂತ ನೋಡುವ. 2022ರಲ್ಲಿ ಡಾಲ್-ಇ 2, ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಂಬ ಹೆಸರುಗಳು ಒಂದರ ಹಿಂದೆ ಒಂದು ಬಂದವು. ಈಗ ಚಾಟ್‌ಜಿಪಿಟಿ, ಜೆಮಿನೈ, ಕ್ಯಾನ್ವಾ ಎಲ್ಲದರ ಒಳಗೂ ಚಿತ್ರ ಮಾಡುವ ಸೌಲಭ್ಯ ಉಂಟು. ಬೇಕಾದ್ದನ್ನು ಮಾತಿನಲ್ಲಿ ಬರೆದರೆ ಸಾಕು, ಚಿತ್ರ ಬರುತ್ತದೆ. ಕನ್ನಡದಲ್ಲಿ ಬರೆದರೂ ಆಗುತ್ತದೆ. ಚಿತ್ರ ಮತ್ತು ಅದರ ವಿವರಣೆ, ಇವೆರಡನ್ನೂ ಕೋಟಿಗಟ್ಟಲೆ ಜೋಡಿಯಾಗಿ ತೋರಿಸಿ ಇದಕ್ಕೆ ಕಲಿಸಿದ್ದಾರೆ. ಇಂಥ ಹೆಚ್ಚಿನ ಯಂತ್ರಗಳು ಹಳೆ ಟಿವಿಯಲ್ಲಿ ಚಾನೆಲ್ ಸಿಗದಾಗ ಬರುತ್ತಿದ್ದ ಚುಕ್ಕಿಗಳ ಹಾಗಿನ ಗದ್ದಲದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪ ಒರೆಸುತ್ತಾ ನೀವು ಕೇಳಿದ ರೂಪಕ್ಕೆ ತರುತ್ತವೆ.

ಇದರಿಂದ ಒಂದು ವಿಷಯ ತಿಳಿದುಕೊಳ್ಳಬೇಕು. ಯಂತ್ರಕ್ಕೆ ಗೊತ್ತಿರುವುದು "ಸಾಮಾನ್ಯವಾಗಿ ಹೇಗಿರುತ್ತದೆ" ಎಂಬುದು ಮಾತ್ರ. ನಿಮ್ಮ ಮನೆಯಲ್ಲಿ ಹೇಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಪತ್ತಿರ್ ಅಂತ ಬರೆದು ಕೊಟ್ಟೆವು, ಉಬ್ಬಿದ ಪೂರಿ ಬಂತು. ಅಕ್ಕಿಹಿಟ್ಟಿನ ತೆಳು ರೊಟ್ಟಿ ಅಂತ ವಿವರಿಸಿದೆವು, ಲೆಬನಾನಿನ ಖುಬ್ಬೂಸ್ ಬಂತು. 2024ರಲ್ಲಿ ಬಕ್ರೀದ್ ಊರಿನಲ್ಲಿ ಜೂನ್ 17ಕ್ಕೆ ಇತ್ತು, ಮಳೆಗಾಲ ಶುರುವಾಗಿತ್ತು, ಈದ್ಗಾಕ್ಕೆ ಕೊಡೆ ಹಿಡಿದು ಹೋಗುವ ಕಾಲ. ಊರಿನ ಬಟ್ಟೆ ಅಂಗಡಿಗೆ ಬಕ್ರೀದ್ ಚಿತ್ರ ಬೇಕು ಅಂದರೆ ಯಂತ್ರ ಕೊಟ್ಟದ್ದು ಮರಳುಗಾಡು, ಒಂಟೆ, ಖರ್ಜೂರದ ಮರ. ನಮ್ಮೂರಿನ ಹೆಂಚಿನ ಮಾಡು, ತೆಂಗು, ಕೆಂಪು ಕಲ್ಲಿನ ಗೋಡೆ ಬೇಕಾದರೆ ಒಂದೊಂದಾಗಿ ಹೇಳಬೇಕು.

ಈಗ ಮುಖ್ಯ ಘಟನೆಗೆ ಬರುತ್ತೇವೆ.

ನಮ್ಮ ಸದಸ್ಯರೊಬ್ಬರು ಇಲ್ಲಿ ಗೋದಾಮಿನಲ್ಲಿ ಕೆಲಸ ಮಾಡುತ್ತಾರೆ. ಮನೆಯವರು ಊರಿನಲ್ಲಿ ರಮಝಾನ್ ತಿಂಗಳಲ್ಲಿ ಸಮೋಸಾ, ಕಟ್ಲೆಟ್, ಪತ್ತಿರ್ ಮಾಡಿ ಅಕ್ಕಪಕ್ಕದವರಿಗೆ ಕೊಡುತ್ತಿದ್ದರು. ವಾಟ್ಸಾಪಿನಲ್ಲಿ ಆರ್ಡರು, ಅಸರ್ ನಂತರ ಮಗ ಸೈಕಲ್ಲಿನಲ್ಲಿ ಮುಟ್ಟಿಸುತ್ತಿದ್ದ. ಮಗಳ ಕಾಲೇಜು ಫೀಸಿಗೆ ಅದೇ ಆಧಾರ. "ಸ್ವಲ್ಪ ಜೋರಾಗಿ ಪ್ರಚಾರ ಮಾಡುವ" ಅಂತ ಇವರು ನಮ್ಮ ಹತ್ತಿರ ಬಂದರು. ನಾವು ಉತ್ಸಾಹದಲ್ಲಿ ಒಂದು ಪೋಸ್ಟರ್ ಮಾಡಿದೆವು. ಏನು ಚಂದ! ಬೆಳ್ಳಿಯ ತಟ್ಟೆ, ಚಿನ್ನದ ಬಣ್ಣದ ಸಮೋಸಾ, ಹೊಗೆಯಾಡುವ ಕಟ್ಲೆಟ್, ಹಿಂದೆ ಲಾಟೀನು, ಮೇಲೆ ಚಂದ್ರ. ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ. ನಾವೇ ನಮ್ಮ ಬೆನ್ನು ತಟ್ಟಿಕೊಂಡೆವು.

ಪೋಸ್ಟರ್ ಗ್ರೂಪಿನಿಂದ ಗ್ರೂಪಿಗೆ ಹೋಯಿತು. ಮೊದಲ ವಾರ ಅವರು ಹಿಂದೆ ಕಾಣದಷ್ಟು ಆರ್ಡರ್. ಎರಡನೇ ವಾರ ಫೋನುಗಳು ಶುರುವಾದವು. "ಚಿತ್ರದಲ್ಲಿ ಹನ್ನೆರಡು ಸಮೋಸಾ ಉಂಟು, ಪೆಟ್ಟಿಗೆಯಲ್ಲಿ ಎಂಟೇ ಉಂಟಲ್ಲ?" "ಚಿತ್ರದಲ್ಲಿದ್ದ ಕಟ್ಲೆಟ್ ಇಷ್ಟು ದೊಡ್ಡದಿತ್ತಲ್ಲ?" ಒಬ್ಬರು ಪೆಟ್ಟಿಗೆಯ ಫೋಟೋ ಮತ್ತು ಪೋಸ್ಟರನ್ನು ಪಕ್ಕಪಕ್ಕ ಇಟ್ಟು ಊರಿನ ಗ್ರೂಪಿಗೇ ಹಾಕಿಬಿಟ್ಟರು. ಸಮೋಸಾದ ರುಚಿಯಲ್ಲಿ ಏನೂ ಕಡಿಮೆಯಿರಲಿಲ್ಲ. ಹಿಂದೆ ಅದೇ ಎಂಟು ಸಮೋಸಾವನ್ನು ಜನ ಖುಷಿಯಲ್ಲಿ ತಿಂದವರೇ. ಕಡಿಮೆಯಾದದ್ದು ನಾವು ಚಿತ್ರದಲ್ಲಿ ಹೆಚ್ಚು ತೋರಿಸಿದ್ದರಿಂದ.

ಆ ಸಹೋದರಿ ರಾತ್ರಿ ಗಂಡನಿಗೆ ಫೋನ್ ಮಾಡಿ ಹೇಳಿದ ಮಾತನ್ನು ಅವರು ನಮಗೆ ಹೇಳಿದರು. "ನೀವು ಅಲ್ಲಿ ಕೂತು ಮಾಡಿದ ಚಿತ್ರಕ್ಕೆ ನಾನಿಲ್ಲಿ ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕು."

ನಮ್ಮಲ್ಲಿ ಯಾರಿಗೂ ಮಾತು ಬರಲಿಲ್ಲ. ಅಲ್ಲವಾ ಮತ್ತೆ? ಆ ಬೀದಿಯಲ್ಲಿ ಇರುವವರು ಅವರು. ಮದುವೆಗೆ, ಮಯ್ಯತ್ತಿಗೆ, ಮದ್ರಸದ ಗೇಟಿಗೆ ಹೋಗುವವರು ಅವರು. ನಾವು ಸಾವಿರಾರು ಮೈಲು ದೂರದಲ್ಲಿ ಬೆರಳು ಆಡಿಸಿ ಮಲಗಿದೆವು. ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿಯವರು ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿದ್ದು, ಒದ್ದೆಯಾದದ್ದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂದು ವ್ಯಾಪಾರಿಗೆ ಹೇಳಿದ್ದು, ನಾವೆಲ್ಲ ಮದ್ರಸದಲ್ಲಿ ಕೇಳಿದ್ದೇವೆ. ಆ ರಾತ್ರಿ ರೂಮಿನಲ್ಲಿ ಒಬ್ಬ ಹಿರಿಯರು ಅದನ್ನೇ ನೆನಪಿಸಿದರು. ಅಲ್ಲಿ ಒದ್ದೆ ಕಾಳು ಅಡಿಯಲ್ಲಿತ್ತು. ನಮ್ಮ ಪೋಸ್ಟರಿನಲ್ಲಿ ಮೇಲೆ ಇದ್ದ ಕಾಳೇ ಇರಲಿಲ್ಲ!

ಆಮೇಲೆ ಏನು ಮಾಡಿದೆವು? ಹಳೆ ಪೋಸ್ಟರ್ ತೆಗೆಸಿದೆವು. ಮೊದಲ ವಾರ ಕೊಂಡವರಿಗೆಲ್ಲ ಆ ಸಹೋದರಿ ಮುಂದಿನ ಪೆಟ್ಟಿಗೆಯಲ್ಲಿ ನಾಲ್ಕು ಸಮೋಸಾ ಹೆಚ್ಚು ಇಟ್ಟರು. ಅದರ ಖರ್ಚನ್ನು ನಾವು ಪೋಸ್ಟರ್ ಮಾಡಿದವರು ನಮ್ಮ ಕೈಯಿಂದ ಕೊಟ್ಟೆವು. ಮತ್ತೆ ಅವರ ಮಗಳಿಗೆ ಹೇಳಿ ಫೋಟೋ ತೆಗೆಸಿದೆವು. ಬೆಳಿಗ್ಗೆ ಒಂಬತ್ತು ಗಂಟೆ, ಅಡುಗೆಮನೆಯ ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲ, ಮನೆಯ ಸ್ಟೀಲ್ ತಟ್ಟೆ, ಅದರಲ್ಲಿ ಎಂಟೇ ಸಮೋಸಾ. ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಒಂದು ಚಹಾದ ಗ್ಲಾಸು. ಯಂತ್ರದಿಂದ ಹಿನ್ನೆಲೆ ಮಾತ್ರ ಮಾಡಿಸಿದೆವು. ಆರ್ಡರ್ ಮೊದಲ ವಾರದಷ್ಟು ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಬಂದವರು ಮತ್ತೆ ಬಂದರು. ಅಕೌಂಟೆಂಟಾಗಿ ಹೇಳುತ್ತೇವೆ, ಒಂದು ಸಲ ಕೊಂಡು ಹೋಗಿ ಬಯ್ಯುವ ಐವತ್ತು ಗಿರಾಕಿಗಳಿಗಿಂತ ತಿಂಗಳಿಡೀ ಕೊಳ್ಳುವ ಹದಿನೈದು ಗಿರಾಕಿಗಳು ಪುಸ್ತಕದಲ್ಲಿ ಚಂದ ಕಾಣುತ್ತಾರೆ.

ಹಾಗಾಗಿ ನಮ್ಮ ತಂಡದ ಮೊದಲ ನಿಯಮ ಇದು. ಮಾರುವ ವಸ್ತು ನಿಜವಾದ ಫೋಟೋ ಆಗಿರಬೇಕು. ಹಬ್ಬದ ಅಲಂಕಾರ ಮಾತ್ರ ಯಂತ್ರದ್ದು. ಅನ್ನ, ಬಟ್ಟೆ, ಅತ್ತರ್ ಬಾಟಲಿ, ಹೊಲಿಗೆಯ ಕೆಲಸ, ಗಿರಾಕಿ ದುಡ್ಡು ಕೊಟ್ಟು ಮನೆಗೆ ಒಯ್ಯುವ ಯಾವುದನ್ನೂ ಯಂತ್ರ ಬಿಡಿಸಬಾರದು.

ಯಂತ್ರಕ್ಕೆ ಬರೆದು ಕೊಡುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ನಾವು ಕೊಡುವ ಮಾತು ಹೀಗಿರುತ್ತದೆ: "ಹಳೆಯ ಮರದ ಮೇಜು, ಎಡಗಡೆ ಒಂದು ಹಿತ್ತಾಳೆಯ ಲಾಟೀನು, ಹಿಂದೆ ಹೆಂಚಿನ ಮನೆಯ ಜಗಲಿ, ಮಗ್ರಿಬ್ ಹೊತ್ತಿನ ಬೆಳಕು, ಮಧ್ಯದಲ್ಲಿ ದೊಡ್ಡ ಖಾಲಿ ಜಾಗ. ಆಹಾರ ಬೇಡ, ಮನುಷ್ಯರು ಬೇಡ, ಯಾವ ಭಾಷೆಯ ಅಕ್ಷರವೂ ಬೇಡ." ಆ ಖಾಲಿ ಜಾಗದಲ್ಲಿ ನಿಮ್ಮ ಫೋಟೋ ಕೂರಿಸಿ. ಬೇಕು ಎಂಬುದರಷ್ಟೇ ಬೇಡ ಎಂಬುದನ್ನೂ ಹೇಳಬೇಕು.

ಅಕ್ಷರ ಬೇಡ ಅಂತ ಯಾಕೆ ಹೇಳಿದೆವು? ಅದು ನಮ್ಮ ಎರಡನೇ ತಪ್ಪು. ಒಂದು ಈದ್ ಪೋಸ್ಟರಿನಲ್ಲಿ ಗೋಡೆಯ ಮೇಲೆ ಚಂದದ ಅರಬಿ ಬರಹ ಬಂದಿತ್ತು. ನಾವು ಅಂದಕ್ಕೆ ನೋಡಿದೆವು, ಓದಲಿಲ್ಲ. ಊರಿನಲ್ಲಿ ಮದ್ರಸದಲ್ಲಿ ಕಲಿಸುತ್ತಿದ್ದ ಹಿರಿಯರೊಬ್ಬರು ಕನ್ನಡಕ ಹಾಕಿ ನೋಡಿ, "ಇದು ಅರಬಿಯೇ ಅಲ್ಲ, ಅರಬಿಯ ಹಾಗೆ ಕಾಣುವ ಗೀಚು" ಅಂದರು. ಯಂತ್ರಕ್ಕೆ ಅಕ್ಷರವೂ ಒಂದು ಆಕಾರ ಅಷ್ಟೇ. ಅರಬಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಕೈ ಹಿಡಿದು ನಡೆಯುತ್ತವೆ, ಶಬ್ದದ ಮೊದಲಿಗೆ ಒಂದು ರೂಪ, ನಡುವೆ ಒಂದು, ಕೊನೆಗೆ ಒಂದು. ಒಂದು ಚುಕ್ಕಿ ಹೋದರೆ ಅರ್ಥವೇ ಬೇರೆ. ಕನ್ನಡದಲ್ಲೂ ಅದೇ ಕಥೆ. "ಹಬ್ಬದ" ಎಂಬಲ್ಲಿ ಬ-ಒತ್ತು ಎಲ್ಲೋ ಹಾರಿಹೋಗಿತ್ತು. ಹೊಸ ಯಂತ್ರಗಳು ಮೊದಲಿಗಿಂತ ಚೆನ್ನಾಗಿ ಬರೆಯುತ್ತವೆ, ಆದರೂ ನಂಬಿ ಕೂರಬೇಡಿ. ಅಕ್ಷರವನ್ನು ಕ್ಯಾನ್ವಾದಲ್ಲಿ ನೀವೇ ಟೈಪ್ ಮಾಡಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮೊದಲಾದ ಫಾಂಟುಗಳು ಉಚಿತ. ಇನ್ನು ಕುರ್‌ಆನಿನ ಸೂಕ್ತವನ್ನು ಯಂತ್ರದಿಂದ ಬರೆಸುವುದಂತೂ ಬೇಡವೇ ಬೇಡ. ಆಫರಿನ ಕಾಗದ ಕೊನೆಗೆ ಬೀಳುವುದು ಕಸದ ತೊಟ್ಟಿಗೆ.

ಚಂದ್ರನ ವಿಷಯ ಹೇಳಿದರೆ ನೀವು ನಗುತ್ತೀರಿ. ಚಂದ್ರದರ್ಶನ ಆಯಿತಾ ಇಲ್ಲವಾ ಅಂತ ಖಾಝಿಯವರ ಮಾತಿಗೆ ಕಾಯುವ ಜನ ನಾವು. ನಮ್ಮ ಪೋಸ್ಟರಿನಲ್ಲೇ ಚಂದ್ರ ತಪ್ಪು! ಹೊಸ ಚಂದ್ರ ಕಾಣುವುದು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿನಲ್ಲಿ, ಪಡುವಣದಲ್ಲಿ ಕೆಳಗೆ, ನೂಲಿನಷ್ಟು ತೆಳ್ಳಗೆ. ಬೆಳಕಿನ ಬದಿ ಸೂರ್ಯ ಮುಳುಗಿದ ಕಡೆಗೆ ಇರುತ್ತದೆ. ಯಂತ್ರ ಬಿಡಿಸಿದ್ದು ನಡುರಾತ್ರಿಯ ಕಪ್ಪು ಆಕಾಶದ ನೆತ್ತಿಯ ಮೇಲೆ ದಪ್ಪ ಚಂದ್ರ, ಅದೂ ಎಡಬದಿ ಬೆಳಗಿದ್ದು. ಅದು ತಿಂಗಳ ಕೊನೆಯಲ್ಲಿ ಸುಬಹ್ ಹೊತ್ತಿಗೆ ಮೂಡಣದಲ್ಲಿ ಕಾಣುವ ಕ್ಷೀಣ ಚಂದ್ರ. ಮತ್ತೊಂದರಲ್ಲಿ ಕೊಂಬುಗಳ ನಡುವೆ ನಕ್ಷತ್ರ. ಅಲ್ಲಿ ಚಂದ್ರನದ್ದೇ ಕತ್ತಲೆಯ ಭಾಗ ಇರುವಾಗ ನಕ್ಷತ್ರ ಹೇಗೆ ಕಂಡೀತು? ಇದರಿಂದ ವ್ಯಾಪಾರ ಹಾಳಾಗುವುದಿಲ್ಲ. ಆದರೆ ಹಬ್ಬ ನಮ್ಮದು, ಚಂದ್ರ ನಮಗೆ ಗೊತ್ತಿರುವುದು, ಹಾಗಿರುವಾಗ ನೋಡದೆ ಕಳಿಸುವುದು ಯಾಕೆ?

ತಾರೀಕಿನ ಬಗ್ಗೆಯೂ ಒಂದು ಮಾತು. ಹಿಜ್ರಿ ವರ್ಷ ಸುಮಾರು 11 ದಿನ ಚಿಕ್ಕದು, ಆದ್ದರಿಂದ ಕಳೆದ ವರ್ಷದ ಪೋಸ್ಟರಿನ ತಾರೀಕು ಈ ವರ್ಷಕ್ಕೆ ಆಗುವುದಿಲ್ಲ. 2030ರಲ್ಲಿ ಒಂದೇ ಇಂಗ್ಲಿಷ್ ವರ್ಷದೊಳಗೆ ಎರಡು ಸಲ ರಮಝಾನ್ ಶುರುವಾಗುತ್ತದೆ, ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ. 2025ರಲ್ಲಿ ಇಲ್ಲಿ ಈದ್ ಮಾರ್ಚ್ 30ಕ್ಕೆ, ಊರಿನಲ್ಲಿ 31ಕ್ಕೆ. ಇಲ್ಲಿ ಕುಳಿತು ಊರಿನ ಅಂಗಡಿಗೆ "ಇವತ್ತು ಈದ್" ಅಂತ ಕಳಿಸಿದರೆ ಅಲ್ಲಿ ಜನ ಉಪವಾಸದಲ್ಲಿರುತ್ತಾರೆ. ಅದಕ್ಕೇ ತಾರೀಕನ್ನು ಕೊನೆಗೆ ಟೈಪ್ ಮಾಡಿ.

ಇನ್ನು ಕಾನೂನು. ಇದನ್ನು ಸ್ವಲ್ಪ ಗಮನ ಇಟ್ಟು ಕೇಳಿ. ಈ ದೇಶದಲ್ಲಿ 2018ರ ಜನವರಿ 1ರಿಂದ ಶೇಕಡಾ 5 ವ್ಯಾಟ್ ಉಂಟು. ನೋಂದಣಿಯಾದ ಅಂಗಡಿ ಗಿರಾಕಿಗೆ ತೋರಿಸುವ ಬೆಲೆ ವ್ಯಾಟ್ ಸೇರಿದ ಬೆಲೆಯೇ ಆಗಿರಬೇಕು. ಪೋಸ್ಟರಿನಲ್ಲಿ 20 ದಿರ್ಹಮ್ ಅಂತ ಹಾಕಿ ಬಿಲ್ಲಿನಲ್ಲಿ 21 ಮಾಡುವ ಹಾಗಿಲ್ಲ. ದುಬೈಯಲ್ಲಿ ಡಿಸ್ಕೌಂಟ್ ಸೇಲ್ ಘೋಷಿಸಲು ಆರ್ಥಿಕ ಮತ್ತು ಪ್ರವಾಸೋದ್ಯಮ ಇಲಾಖೆಯ ಅನುಮತಿ ಬೇಕು. ಡಿಸೆಂಬರ್ 2ರ ರಾಷ್ಟ್ರೀಯ ದಿನಕ್ಕೆ ಪೋಸ್ಟರ್ ಮಾಡುವವರು ನೆನಪಿಡಿ: ದೇಶದ ಲಾಂಛನಗಳನ್ನು, ಗಣ್ಯ ವ್ಯಕ್ತಿಗಳನ್ನು ಅನುಮತಿಯಿಲ್ಲದೆ ಎಐಯಿಂದ ಬಿಡಿಸಬಾರದೆಂದು ಯುಎಇ ಮೀಡಿಯಾ ಕೌನ್ಸಿಲ್ 2025ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿದೆ. ಪ್ರೀತಿಯಿಂದ ಮಾಡಿದೆವು ಅಂತ ಹೇಳಿದರೆ ಕೇಳುವವರಿಲ್ಲ. ಲೈಸೆನ್ಸ್ ಇಲ್ಲದೆ ರೂಮಿನಿಂದ ಇಲ್ಲಿ ಏನನ್ನೂ ಮಾರಬೇಡಿ, ಚಿತ್ರ ಎಷ್ಟು ಚಂದವಿದ್ದರೂ. ಚಂದಾ ಎತ್ತುವ ಪೋಸ್ಟರ್ ಮಾಡಿಕೊಡಿ ಅಂತ ಬಂದರೆ ನಾವು ಒಪ್ಪುವುದಿಲ್ಲ. ಪರವಾನಗಿ ಇರುವ ಸಂಸ್ಥೆಗಳಿಗೆ ಮಾತ್ರ ಇಲ್ಲಿ ಆ ಅವಕಾಶ. ಅದೂ ಅಲ್ಲದೆ, ಇಲ್ಲದ ಮಗುವಿನ ಕಣ್ಣೀರನ್ನು ಯಂತ್ರದಿಂದ ಬಿಡಿಸಿ ದುಡ್ಡು ಕೇಳುವುದು ನಮ್ಮಿಂದಾಗದು.

ಊರಿನಲ್ಲೂ ಕಾನೂನು ಇಲ್ಲ ಅಂತ ತಿಳಿಯಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಮನೆಯಿಂದ ಎಂಟು ಸಮೋಸಾ ಮಾರುವವರ ಬಾಗಿಲಿಗೆ ಯಾರೂ ಬರಲಿಕ್ಕಿಲ್ಲ, ಆದರೆ ಕಾನೂನಿನ ಮಾತು ದೊಡ್ಡ ಕಂಪನಿಗೂ ನಮಗೂ ಒಂದೇ. ಮನೆಯಲ್ಲಿ ಅಡುಗೆ ಮಾಡಿ ಮಾರುವವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಆ 14 ಅಂಕಿಯ ಸಂಖ್ಯೆಯನ್ನು ಪೋಸ್ಟರಿನ ಮೂಲೆಯಲ್ಲಿ ಹಾಕಿ. ನೂರು ಲಾಟೀನಿಗಿಂತ ಆ ಸಂಖ್ಯೆಯನ್ನು ಗಿರಾಕಿ ಹೆಚ್ಚು ನಂಬುತ್ತಾನೆ.

ಖರ್ಚಿನ ಲೆಕ್ಕ ಹೇಳದಿದ್ದರೆ ನಾವು ಅಕೌಂಟೆಂಟ್ ಆಗಿ ಬಂದದ್ದು ವ್ಯರ್ಥ. ಹೆಚ್ಚಿನ ಯಂತ್ರಗಳಲ್ಲಿ ದಿನಕ್ಕೆ ಇಷ್ಟು ಚಿತ್ರ ಅಂತ ಉಚಿತ ಉಂಟು, ನಮಗೆ ಅದೇ ಸಾಕು. ತಿಂಗಳಿಗೆ 20 ಡಾಲರಿನ ಯೋಜನೆ ತೆಗೆದುಕೊಂಡರೆ 73 ದಿರ್ಹಮ್ 45 ಫಿಲ್ಸ್ ಆಯಿತು. ವರ್ಷಕ್ಕೆ 881 ದಿರ್ಹಮ್ ಚಿಲ್ಲರೆ. ನಮ್ಮ ಸದಸ್ಯರೊಬ್ಬರು ಒಂದು ರಮಝಾನಿಗೆಂದು ತೆಗೆದುಕೊಂಡು ನಿಲ್ಲಿಸಲು ಮರೆತರು. ಏಳು ತಿಂಗಳು ಕಾರ್ಡಿನಿಂದ ಹೋಗುತ್ತಾ ಇತ್ತು, 514 ದಿರ್ಹಮ್! ಊರಿಗೆ ಕಳಿಸಬೇಕಾದ ದುಡ್ಡು. ತೆಗೆದುಕೊಂಡ ದಿನವೇ ಆಟೋ ರಿನ್ಯೂವಲ್ ನಿಲ್ಲಿಸಿ, ಆ ತಿಂಗಳು ಪೂರ್ತಿ ಬಳಸಬಹುದು.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಪ್ರಿಂಟಿಂಗ್ ಅಂಗಡಿಯಲ್ಲಿ ಡಿಸೈನ್ ಕೆಲಸ ಮಾಡುವ ಹುಡುಗರು ನಮ್ಮವರೇ ಇದ್ದಾರೆ. ಹಿಂದೆ ರಮಝಾನ್ ಬಂದರೆ ಅವರಿಗೆ ನಿದ್ದೆ ಇರುತ್ತಿರಲಿಲ್ಲ. ನಾವು ಉಚಿತವಾಗಿ ಮಾಡಿಕೊಟ್ಟ ಪ್ರತಿ ಪೋಸ್ಟರೂ ಅವರ ಕೈತಪ್ಪಿದ ಪೋಸ್ಟರ್. ಹಾಗಂತ ಯಂತ್ರವನ್ನು ಯಾರೂ ನಿಲ್ಲಿಸಲಿಕ್ಕಾಗುವುದಿಲ್ಲ. ಈಗ ನಾವು ಏನು ಮಾಡುತ್ತೇವೆ ಅಂದರೆ, ಹಿನ್ನೆಲೆ ಯಂತ್ರದಿಂದ ಮಾಡಿಸಿ, ಫೋಟೋ ಕೂರಿಸುವುದು, ಅರಬಿ ಕನ್ನಡ ಅಕ್ಷರ ಜೋಡಿಸುವುದು, ಕಣ್ಣಿಟ್ಟು ತಪ್ಪು ಹುಡುಕುವುದು, ಇಷ್ಟನ್ನು ಅಂಗಡಿ ಇಟ್ಟವರ ಕೈಯಲ್ಲಿ ದುಡ್ಡು ಕೊಡಿಸಿ ಆ ಹುಡುಗರು ಕೆಲಸ ಮಾಡುವ ಪ್ರಿಂಟಿಂಗ್ ಅಂಗಡಿಗೇ ಕೊಡುತ್ತೇವೆ. ದುಡ್ಡು ಮೊದಲಿನಷ್ಟಿಲ್ಲ, ಆದರೆ ಅಂಗಡಿಗೆ ಕೆಲಸ, ಹುಡುಗರಿಗೆ ಕೂಲಿ ಉಳಿದಿದೆ.

ಕೊನೆಗೆ ಮನೆಯ ಫೋಟೋಗಳ ಬಗ್ಗೆ. ಹೆಂಡತಿ, ಮಕ್ಕಳ ಫೋಟೋವನ್ನು ಯಂತ್ರಕ್ಕೆ ಹಾಕಿ "ಈದ್ ಬಟ್ಟೆ ಹಾಕಿಸು" ಅಂತ ಆಟ ಆಡುವವರು ಇದ್ದಾರೆ. ಒಮ್ಮೆ ಹಾಕಿದ ಮುಖ ಎಲ್ಲಿಗೆ ಹೋಯಿತು ಅಂತ ನಮ್ಮ ಲೆಡ್ಜರಿನಲ್ಲಿ ಹುಡುಕಲಿಕ್ಕಾಗುವುದಿಲ್ಲ. ಅಂಗಡಿಯ ಪ್ರಚಾರಕ್ಕಂತೂ ಬೇಡ.

ಪೋಸ್ಟರ್ ಕಳಿಸುವ ಮೊದಲು ನಾವೀಗ ಒಂದು ಕೆಲಸ ಮಾಡುತ್ತೇವೆ. ಅದನ್ನು ಮೊದಲು ಊರಿಗೆ, ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕಾದವರಿಗೆ ಕಳಿಸುತ್ತೇವೆ. ಅಂಗಡಿಯಾದರೆ ಕೌಂಟರಿನಲ್ಲಿ ನಿಲ್ಲುವ ಹುಡುಗನಿಗೆ ತೋರಿಸುತ್ತೇವೆ. "ಇದು ಹೌದಾ?" ಅಂತ ಕೇಳುತ್ತೇವೆ. ಅವರು ಹೌದು ಅಂದರೆ ಮಾತ್ರ ಮುಂದೆ. ಕಳೆದ ರಮಝಾನಿನಲ್ಲಿ ಆ ಸಹೋದರಿ ನಾವು ಕಳಿಸಿದ ಪೋಸ್ಟರನ್ನು ಎರಡು ಸಲ ವಾಪಸು ಕಳಿಸಿದರು. ಒಮ್ಮೆ, ಪತ್ತಿರಿನ ಬಣ್ಣ ಜಾಸ್ತಿ ಬಿಳಿಯಾಗಿದೆ ಅಂತ. ಇನ್ನೊಮ್ಮೆ, "ಈ ವರ್ಷ ಎಣ್ಣೆಗೆ ರೇಟು ಜಾಸ್ತಿ, ಏಳೇ ಸಮೋಸಾ ಇಡುವುದು, ಒಂದನ್ನು ತೆಗೀರಿ" ಅಂತ.

ತೆಗೆದೆವು. ಈ ಸಲ ಬಾಗಿಲಲ್ಲಿ ಯಾರೂ ಸಮೋಸಾ ಎಣಿಸಿ ಜಗಳಕ್ಕೆ ನಿಲ್ಲಲಿಲ್ಲ. ಮಗಳ ಎರಡನೇ ವರ್ಷದ ಫೀಸು ಕಟ್ಟಿ ಆಯಿತು, ಅಲ್‌ಹಮ್ದುಲಿಲ್ಲಾಹ್.

ಪೋಸ್ಟರ್ ಬೇಕಾದವರು ಬನ್ನಿ, ನಾವು ಕಲಿಸಿಕೊಡುತ್ತೇವೆ. ಬರುವಾಗ ನಿಮ್ಮ ವಸ್ತುವಿನ ಫೋಟೋ ಒಂದು ತನ್ನಿ.  ನಮ್ಮೆಲ್ಲರ ದುಡಿಮೆಯಲ್ಲಿ ಅಲ್ಲಾಹನು ಬರಕತ್ ನೀಡಲಿ.